ಹೊರದೇಶಕ್ಕೆ ಹೋದಾಗ ಹೆಣಿಗೆಗೆ ಐಡಿಯಾ ಎಲ್ಲಿಂದ ಹೆಕ್ಕೋತೀರಿ? ಶೆಟ್ಲ್ಯಾಂಡ್‌ಗೆ ಹೊರಟಿದೀನಿ, ಸಲಹೆ ಕೊಡಿ

ಉಲ್ಲನ್_ಉಂಡೆ (ಮೈಸೂರು)

ಎಲ್ರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೇಲಿ ಮಗಳ ಮನೆಗೆ ಎಡಿನ್‌ಬರಾಗೆ ಹೋಗ್ತಿದೀನಿ. ಅಮ್ಮ ನಿಂಗೆ ಬೇರೆ ಊರು ತೋರ್ಸಿ ಏನು ಪ್ರಯೋಜನ, ಸೀದಾ ಉಣ್ಣೆ, ಹೆಣಿಗೆಗೆ ಹೆಸರಾದ ಸ್ಕಾಟ್ಲೆಂಡಿನ ಶೆಟ್ಲ್ಯಾಂಡ್ ದ್ವೀಪಗಳಿಗೇ ಕರ್ಕೊಂಡು ಹೋಗ್ತೀನಿ ಅಂತ ಅವಳೇ ಎಲ್ಲ ಬುಕ್ ಮಾಡಿಬಿಟ್ಟಿದಾಳೆ. ಖುಷಿಗೆ ಕೈಕಾಲೇ ಆಡ್ತಿಲ್ಲ.

ನನ್ನ ಪ್ರಶ್ನೆ ಇಷ್ಟು. ಇಲ್ಲಿ ಎಷ್ಟೋ ಜನ ಪ್ರವಾಸ ಮುಗಿಸ್ಕೊಂಡು ಬಂದು ಯಾರೂ ಹಾಕಿರದ ಡಿಸೈನ್ ಹಾಕ್ತೀರಿ, ನೋಡಿ ನೋಡಿ ಆಸೆ ಪಟ್ಟಿದೀನಿ. ನಾನು ಎಲ್ಲಿಗೆ ಹೋದ್ರೂ ಫೋಟೋ ಹೊಡ್ಕೊಂಡು ಬರ್ತೀನಿ, ಬಾಗಿಲು, ಹೂವು, ಸಮುದ್ರ, ಎಲ್ಲ ಚಂದ ಇರುತ್ತೆ, ಆದ್ರೆ ಕಡ್ಡಿ ಹಿಡ್ಕೊಂಡು ಕೂತ್ರೆ ಆ ಫೋಟೋಗೂ ಕೈಯಲ್ಲಿರೋ ದಾರಕ್ಕೂ ಸಂಬಂಧಾನೇ ಹೊಳಿಯಲ್ಲ. ನೀವು ನೋಡಿದ್ದನ್ನ ಹೆಣಿಗೆಗೆ ಇಳಿಸೋದು ಹೇಗೆ? ಅಲ್ಲಿದ್ದಾಗಲೇ ಏನು ಮಾಡ್ಬೇಕು? ಪ್ಯಾಟರ್ನ್ ಬುಕ್ ಕೊಂಡ್ಕೊಂಡು ಬಂದು ಅದನ್ನೇ ಹೆಣೆಯೋದು ನಂಗೆ ಬೇಡ, ನನ್ನದೇ ಒಂದು ಕಾರ್ಡಿಗನ್ ಆಗ್ಬೇಕು ಅಂತ ಆಸೆ.

ಕಡ್ಡಿ_ದಾರ

ಮೇಡಂ ನೀವು ಹೋಗೋ ಸಮಯ ತುಂಬ ಒಳ್ಳೇದು, ಸೆಪ್ಟೆಂಬರ್ ಕೊನೆ ಅಂದ್ರೆ ಶೆಟ್ಲ್ಯಾಂಡ್ ವುಲ್ ವೀಕ್ ಹತ್ತಿರ, 2010ರಿಂದ ನಡ್ಕೊಂಡು ಬರ್ತಿದೆ, ಆಗ ಊರಿಗೆ ಊರೇ ಹೆಣಿಗೆ ಮಾತಾಡ್ತಿರುತ್ತೆ. ಕ್ಲಾಸ್‌ಗಳು ಬೇಗ ತುಂಬಿ ಹೋಗುತ್ವೆ, ಮಗಳಿಗೆ ಇವತ್ತೇ ನೋಡೋಕೆ ಹೇಳಿ.

ಈಗ ನಿಮ್ಮ ಅಸಲು ಪ್ರಶ್ನೆಗೆ ಬರ್ತೀನಿ. ನನ್ನ ಪ್ರಕಾರ ಫೋಟೋ ಹೆಣಿಗೆಗೆ ಇಳಿಯದೇ ಇರೋದಕ್ಕೆ ಕಾರಣ ಒಂದೇ, ನಾವು ಹೊರಗಿನ ಚಂದ ನೋಡ್ತೀವಿ, ಆ ಚಂದ ಯಾವ ಕಟ್ಟುಪಾಡಿನೊಳಗೆ ಹುಟ್ಟಿದೆ ಅನ್ನೋದನ್ನ ನೋಡಲ್ಲ. ಅಲ್ಲಿನ ಬಣ್ಣದ ಪಟ್ಟಿಗಳ ಫೇರ್ ಐಲ್ ಸ್ವೆಟರ್ ನೋಡಿದ ತಕ್ಷಣ ಅಬ್ಬಾ ಎಷ್ಟು ಬಣ್ಣ ಅನ್ಸುತ್ತೆ. ಹತ್ರ ಹೋಗಿ ಒಂದೇ ಒಂದು ಸಾಲು ಹಿಡಿದು ಅಡ್ಡಕ್ಕೆ ನೋಡಿ, ಬರೀ ಎರಡು ಬಣ್ಣ ಇರುತ್ತೆ. ಯಾವ ಸಾಲು ನೋಡಿದ್ರೂ ಅಷ್ಟೇ, ಒಂದು ಹಿನ್ನೆಲೆ ಬಣ್ಣ ಒಂದು ಹೂವಿನ ಬಣ್ಣ. ಅದೇ ಅಲ್ಲಿನ ನಿಯಮ. ಹಾಗಾದ್ರೆ ಅಷ್ಟು ಬಣ್ಣ ಎಲ್ಲಿಂದ ಬಂತು ಅಂದ್ರೆ, ಮೇಲೆ ಹೋಗ್ತಾ ಹೋಗ್ತಾ ಬದಲಾಯಿಸ್ತಾರೆ, ಅದರಲ್ಲೂ ಹಿನ್ನೆಲೆ ಬಣ್ಣ ಬದಲಾಗೋ ಸಾಲು ಬೇರೆ, ಹೂವಿನ ಬಣ್ಣ ಬದಲಾಗೋ ಸಾಲು ಬೇರೆ ಇಟ್ಕೊಂಡ್ರೆ ಕಣ್ಣಿಗೆ ಗಡಿ ಎಲ್ಲಿ ಅಂತಾನೇ ಗೊತ್ತಾಗಲ್ಲ. ಒಂದು ಪಟ್ಟಿಯ ನಟ್ಟನಡು ಸಾಲಿಗೆ ಹಳದಿನೋ ಕೆಂಪೋ ಒಂದು ಚುರುಕು ಬಣ್ಣ ಹಾಕಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಅದೇ ಕ್ರಮದಲ್ಲಿ ಮಂಕಾಗ್ತಾ ಹೋಗ್ತಾರೆ. ಇದು ತಲೆಗೆ ಹೋದ ದಿನ ನಿಮಗೆ ಪ್ಯಾಟರ್ನ್ ಬುಕ್ಕೇ ಬೇಕಾಗಲ್ಲ.

ಶೆಟ್ಲ್ಯಾಂಡ್‌ನ ಮುಖ್ಯ ಊರು ಲೆರ್ವಿಕ್‌ನಲ್ಲಿ ಮೊದಲು ಹೇಸ್ ಡಾಕ್ ಹತ್ರ ಇರೋ ಶೆಟ್ಲ್ಯಾಂಡ್ ಮ್ಯೂಸಿಯಂಗೆ ಹೋಗಿ. ಗನ್ನಿಸ್ಟರ್ ಅನ್ನೋ ಜಾಗದಲ್ಲಿ 1951ರಲ್ಲಿ ಪೀಟ್ ಮಣ್ಣು (ಒಣಗಿಸಿ ಉರುವಲು ಮಾಡೋ ಜೌಗು ಮಣ್ಣು) ಕಡಿಯೋವಾಗ ಒಬ್ಬನ ಶವದ ಜೊತೆ ಬಟ್ಟೆಬರೆ ಸಿಕ್ತು, 1681ರಿಂದ 1690ರ ನಡುವಿನ ನಾಣ್ಯ ಇದ್ದ ಒಂದು ಹೆಣೆದ ಪುಟ್ಟ ಚೀಲಾನೂ ಅದರಲ್ಲಿತ್ತು, ಅದರ ಮೇಲೆ ಬಣ್ಣದ ಹೆಣಿಗೆ ಇದೆ. ಮೂಲ ವಸ್ತುಗಳು ಎಡಿನ್‌ಬರಾದ ನ್ಯಾಷನಲ್ ಮ್ಯೂಸಿಯಂನವರ ಹತ್ರ ಇವೆ, ಲೆರ್ವಿಕ್‌ನಲ್ಲಿ ನೋಡೋಕೆ ಸಿಗೋದು ಅವುಗಳ ನಕಲು. ಅಂಗೈಯಷ್ಟು ಚೀಲಕ್ಕೂ ಬಣ್ಣ ಹಾಕ್ಬೇಕು ಅಂತ ಯಾರಿಗೋ ಅನ್ಸಿತ್ತಲ್ಲ, ಅದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಮೈ ಜುಂ ಅನ್ನುತ್ತೆ.

ಆಮೇಲೆ ಅಲ್ಲಿನ ಹೆಂಗಸ್ರು ಸೊಂಟಕ್ಕೆ ಕಟ್ಕೊಳ್ಳೋ ಚರ್ಮದ ಬೆಲ್ಟ್ ನೋಡಿ, ಮೇಕಿನ್ ಬೆಲ್ಟ್ ಅಂತಾರೆ. ಒಳಗೆ ಕುದುರೆ ಕೂದಲು ತುಂಬಿರ್ತಾರೆ, ಮೇಲೆ ತೂತುಗಳಿರುತ್ತೆ, ಬಲಗಡೆ ಕಡ್ಡಿಯ ತುದೀನ ಆ ತೂತಿಗೆ ಸಿಗಿಸಿದ್ರೆ ಕಡ್ಡಿ ಅಲ್ಲೇ ನಿಲ್ಲುತ್ತೆ, ಬಲಗೈಗೆ ಬರೀ ದಾರ ಹಾಕೋ ಕೆಲಸ. ಹಿಂದೆ ಬೆನ್ನ ಮೇಲೆ ಪೀಟ್ ಬುಟ್ಟಿ ಹೊತ್ಕೊಂಡು ನಡೀತಾ ನಡೀತಾ ಹೆಣೀತಿದ್ರು. ಆ ವೇಗ ನೋಡಿದ್ಮೇಲೆ ಗೊತ್ತಾಗುತ್ತೆ ಯಾಕೆ ಅಲ್ಲಿ ಎಲ್ಲವನ್ನೂ ಗುಂಡಗೆ ಒಂದೇ ಕೊಳವೆ ಥರ ಹೆಣೆದು, ಆಮೇಲೆ ಕಾರ್ಡಿಗನ್ ಬೇಕಂದ್ರೆ ಮುಂದೆ ಕತ್ತರಿಲಿ ಕತ್ತರಿಸ್ತಾರೆ ಅಂತ. ಪರ್ಲ್ ಅಂದ್ರೆ ಉಲ್ಟಾ ಸ್ಟಿಚ್ ಹಾಕೋ ತಾಪತ್ರಯಾನೇ ಇಲ್ಲ, ಯಾವಾಗ್ಲೂ ಎದುರು ಮುಖಾನೇ ಕಾಣ್ತಿರುತ್ತೆ.

ಇನ್ನು ನಿಮ್ಮದೇ ಡಿಸೈನ್‌ಗೆ ಹೀಗೆ ಮಾಡಿ. ಒಂದು ಜಾಗದಲ್ಲಿ ಸುಮ್ನೆ ಕೂತ್ಕೊಳ್ಳಿ, ಕಲ್ಲಿನ ಗೋಡೆ ಹತ್ರ ಆದ್ರೆ ಇನ್ನೂ ಒಳ್ಳೇದು, ಅದರ ಮೇಲಿನ ಪಾಚಿ ಕಲ್ಲುಹೂವು ನೋಡಿ. ಬೂದು ಅಂದ್ಕೊಂಡಿದ್ದು ನೋಡ್ತಾ ನೋಡ್ತಾ ಹಸಿರು, ಸಾಸಿವೆ ಬಣ್ಣ, ಕಿತ್ತಳೆ ಚುಕ್ಕೆ ಅಂತ ಬಿಡಿಸ್ಕೊಳ್ಳುತ್ತೆ. ಐದು ಬಣ್ಣ ಬರ್ಕೊಳ್ಳಿ, ಯಾವುದು ಜಾಸ್ತಿ ಯಾವುದು ಕಮ್ಮಿ ಅಂತಾನೂ. ಮಾರನೇ ದಿನ ಲೆರ್ವಿಕ್‌ನ ಜೇಮೀಸನ್ ಅಂಡ್ ಸ್ಮಿತ್ ಅಂಗಡಿಗೆ ಹೋಗಿ ಆ ಐದಕ್ಕೆ ಹೊಂದೋ 25 ಗ್ರಾಂ ಉಂಡೆಗಳನ್ನ ಆರಿಸ್ಕೊಳ್ಳಿ. ರಾತ್ರಿ ರೂಮಲ್ಲೇ ಸ್ವಾಚ್ ಹಾಕಿ, ಅಂದ್ರೆ ಒಂದು ಪುಟ್ಟ ಮಾದರಿ ತುಂಡು. ಊರಿಗೆ ಬಂದು ಹಾಕ್ತೀನಿ ಅಂತ ಇಡ್ಬೇಡಿ, ಬಣ್ಣ ಕಣ್ಣಲ್ಲಿ ಹಸಿಯಾಗಿದ್ದಾಗ್ಲೇ ಹಾಕಿ. ಸರಿ ಅನ್ನಿಸ್ಲಿಲ್ಲ ಅಂದ್ರೆ ಬೆಳಿಗ್ಗೆ ಎದ್ದು ಅದೇ ಗೋಡೆ ಮುಂದೆ ಸ್ವಾಚ್ ಹಿಡಿದು ನೋಡ್ಬಹುದು, ಆ ಭಾಗ್ಯ ಮೈಸೂರಲ್ಲಿ ಸಿಗಲ್ಲ.

ಜಿಟಿಜಿಟಿ_ಮಳೆ (ಸಾಗರ)

ಒಂದು ಡೌಟು, ಫೇರ್ ಐಲ್ ಬೇರೆ ಶೆಟ್ಲ್ಯಾಂಡ್ ಬೇರೆನಾ? ಬೆಂಗಳೂರಲ್ಲಿ ಎರಡು ಬಣ್ಣದ ಏನು ಹೆಣೆದ್ರೂ ಫೇರ್ ಐಲ್ ಅಂತಾರೆ.

ಕಡ್ಡಿ_ದಾರ

@ಜಿಟಿಜಿಟಿ_ಮಳೆ ಫೇರ್ ಐಲ್ ಒಂದು ಪುಟಾಣಿ ದ್ವೀಪ, ಶೆಟ್ಲ್ಯಾಂಡ್‌ಗೇ ಸೇರಿದ್ದು, ಶೆಟ್ಲ್ಯಾಂಡ್‌ನ ದೊಡ್ಡ ದ್ವೀಪಕ್ಕೂ ಆರ್ಕ್ನಿಗೂ ನಡುವೆ ಇದೆ. ಆ ಹೆಣಿಗೆಗೆ ಹೆಸರು ಅಲ್ಲಿಂದ ಬಂದಿದ್ದು. 1920ರ ದಶಕದಲ್ಲಿ ಆಗಿನ ಪ್ರಿನ್ಸ್ ಆಫ್ ವೇಲ್ಸ್, ಆಮೇಲೆ ಎಂಟನೇ ಎಡ್ವರ್ಡ್ ಆದವನು, ಗಾಲ್ಫ್ ಆಡೋವಾಗ ಆ ಸ್ವೆಟರ್ ಹಾಕ್ಕೊಂಡ, ಅದರಿಂದ ಪ್ರಪಂಚಕ್ಕೆಲ್ಲ ಫ್ಯಾಷನ್ ಆಯ್ತು. ಎಲ್ಲ ಎರಡು ಬಣ್ಣದ ಹೆಣಿಗೆಗೂ ಆ ಹೆಸರು ಅಂಟಿಸೋದು ನಂಗೆ ಇಷ್ಟ ಇಲ್ಲ, ನಾರ್ವೆದು ಬೇರೆ, ಎಸ್ಟೋನಿಯಾದ್ದು ಬೇರೆ, ಅವರವರ ಹೆಸರು ಅವರವರಿಗಿರಲಿ.

ಸರಿಗೆರೆ_ಲೆಕ್ಕ

ನೋಡಿದ್ದನ್ನ ಚಾರ್ಟ್‌ಗೆ ಇಳಿಸೋರಿಗೆ ಒಂದು ಮುಖ್ಯ ವಿಷ್ಯ. ಸ್ಟಿಚ್ ಚೌಕ ಇರಲ್ಲ, ಅಗಲ ಜಾಸ್ತಿ ಎತ್ತರ ಕಮ್ಮಿ. 10 ಸೆಂಟಿಮೀಟರ್‌ಗೆ 24 ಸ್ಟಿಚ್, 32 ಸಾಲು ಬರೋ ಹೆಣಿಗೆ ಇದೆ ಅಂದ್ಕೊಳ್ಳಿ. ಮಕ್ಕಳ ಚೌಕುಳಿ ನೋಟ್‌ಬುಕ್‌ನಲ್ಲಿ 24 ಮನೆ ಅಗಲ 24 ಮನೆ ಎತ್ತರ ಗುಂಡಗೆ ಒಂದು ಹೂವು ಬಿಡಿಸಿದ್ರೆ, ಹೆಣೆದಾಗ ಅದು 10 ಸೆಂಟಿಮೀಟರ್ ಅಗಲ, ಏಳೂವರೆ ಸೆಂಟಿಮೀಟರ್ ಎತ್ತರ ಆಗಿ ಚಪ್ಪಟೆ ಕೂತಿರುತ್ತೆ. ಅದಕ್ಕೇ ಪ್ರವಾಸಕ್ಕೆ ಹೋಗೋ ಮುಂಚೆ ನಿಮ್ಮ ಗೇಜ್‌ಗೆ (ಅಳತೆಗೆ ಎಷ್ಟು ಸ್ಟಿಚ್, ಎಷ್ಟು ಸಾಲು ಬರುತ್ತೆ ಅನ್ನೋ ಲೆಕ್ಕಕ್ಕೆ) ಸರಿಯಾದ ಗೆರೆ ಹಾಕಿದ ಹಾಳೆ ಪ್ರಿಂಟ್ ಮಾಡಿಸ್ಕೊಂಡು ಹೋಗಿ. ಎರಡು ಬಣ್ಣದ ಹೆಣಿಗೆಯಲ್ಲಿ ಆಗ ಬಳಸದ ಬಣ್ಣದ ದಾರ ಹಿಂದೆ ಹಾಯೋದ್ರಿಂದ ಸ್ಟಿಚ್ ಸ್ವಲ್ಪ ಚೌಕದ ಕಡೆಗೆ ಬರುತ್ತೆ, ಹಾಗಾಗಿ ಎರಡು ಬಣ್ಣದಲ್ಲೇ ಸ್ವಾಚ್ ಹಾಕಿ ಅಳೀಬೇಕು, ಒಂಟಿ ಬಣ್ಣದ್ದು ಅಳೆದು ಪ್ರಯೋಜನ ಇಲ್ಲ.

ಧಾರವಾಡದಕ್ಕ

ಭಾಳ ಚೊಲೋ ವಿಷ್ಯಾ ತಗದೀರಿ. ನಾ ಹೊರದೇಶಕ್ಕ ಹೋಗಿದ್ದು ಮಗನ ಮನಿಗೆ ಅಂತ ಅಷ್ಟರೀ, ರೀಗಾದಾಗ ಇರ್ತಾನ. ಅಲ್ಲೆ ಯೂಗ್ಲಾ ಕೆರಿ ದಂಡಿಗೆ ಹಳೇ ಮನಿಗಳ ಒಂದು ಬಯಲು ಮ್ಯೂಸಿಯಂ ಐತಿ, 1924ರಾಗ ಶುರು ಮಾಡ್ಯಾರ. ಅಲ್ಲಿ ಲಾಟ್ವಿಯಾದ ಕೈಗವಸು ನೋಡಿ ನಾ ಅಲುಗಾಡದಂಗ ನಿಂತ್‌ಬಿಟ್ಟೆ ನೋಡ್ರಿ. ಯಾಕಂದ್ರ ಅದು ನಮ್ಮ ಕಸೂತಿ ಲೆಕ್ಕಾನ. ನಾವು ಇಳಕಲ್ ಸೀರಿ ಮ್ಯಾಲೆ ಎಳಿ ಎಣಿಸಿ ಹಾಕ್ತೀವಿ, ಅವರು ಸ್ಟಿಚ್ ಎಣಿಸಿ ಹಾಕ್ತಾರ. ಮೊದಲ ಮದುವಿ ಹುಡುಗಿ ಪೆಟ್ಟಿಗಿ ತುಂಬ ಕೈಗವಸು ಹೆಣದು ಇಟಗೊಂಡು, ಮದುವಿಯೊಳಗ ಗಂಡಿನ ಮನಿಯವರಿಗೆಲ್ಲ ಕೊಡಬೇಕಿತ್ತಂತ. 2006ರಾಗ ರೀಗಾದಾಗ ನೇಟೋ ಸಭಾ ಆದಾಗ ಬಂದ ಪಾಹುಣೇರಿಗೆ ಕೈಲೆ ಹೆಣದ 4,500 ಜೋಡಿ ಕೊಟ್ಟಾರಂತ, ಒಂದೊಂದೂ ಒಂದೊಂದು ನಮೂನಿ.

ಆದ್ರ ಒಂದು ಮಾತು ಹೇಳ್ತೀನಿ, ಕಸೂತಿ ಎಲ್ಲಾ ಹಂಗ ಹೆಣಿಗಿಗೆ ಬರೂದಿಲ್ಲ. ಗವಂತಿ ಅಂದ್ರ ಗೆರಿ, ಎರಡೂ ಕಡೆ ಒಂದ ನಮೂನಿ ಕಾಣಸೂ ಸಪೂರ ಗೆರಿ. ಹೆಣಿಗಿಯೊಳಗ ಗೆರಿ ಅನ್ನೂದು ಇಲ್ಲ, ತುಂಬಿದ ಮನಿ ಅಷ್ಟ ಇರ್ತಾವ. ಗವಂತಿ ಗೋಪುರಾ ಚಾರ್ಟಿಗೆ ಹಾಕಿದ್ರ ದಪ್ಪ ಆಗಿ ಗುರುತ ಹತ್ತೂದಿಲ್ಲ. ನೇಯ್ಗಿ ಹೊಲಿಗಿ ನೋಡ್ರಿ, ಅದು ತುಂಬಿದ ಹೊಲಿಗಿ, ಅಡ್ಡಕ್ಕ ಒಳಗ ಹೊರಗ ಹೋಗೂದು, ಅದು ಸೀದಾ ಕೂಡತೈತಿ. ಮೆಂತಿ ಅಂದ್ರ ಕ್ರಾಸ್ ಹೊಲಿಗಿ, ಅದೂ ಬರತೈತಿ, ಒಂದು ಮೆಂತಿ ಅಂದ್ರ ಒಂದು ಸ್ಟಿಚ್. ಆ ಕೈಗವಸು ನೋಡಿದ ಮ್ಯಾಲೆ ನಾ ಮುಂಗೈ ಪಟ್ಟಿಗೆ ನೇಯ್ಗಿ ಅಂಚು ಹಾಕಿ ಒಂದು ಜೋಡಿ ಹೆಣದೆ, ಆಕಾರ ಅವರದು, ಅಂಚು ನಮ್ಮದು. ಮಗನ ಮನಿ ಬಾಜೂ ಅಜ್ಜಿ ಅದನ್ನ ತಿರಗಿಸಿ ತಿರಗಿಸಿ ಒಳಗಿನ ದಾರಾ ನೋಡಿದ್ಲು, ಆಮ್ಯಾಲೆ ನನ್ನ ಕೈ ಹಿಡಕೊಂಡ್ಲು. ಒಬ್ಬರ ಭಾಷಾ ಒಬ್ಬರಿಗೆ ಬರೂದಿಲ್ಲ ಬಿಡ್ರಿ.

ಉಲ್ಲನ್_ಉಂಡೆ (ಮೈಸೂರು)

ಅಕ್ಕಾ ಓದಿ ಕಣ್ಣು ತುಂಬಿ ಬಂತು. ನೇಯ್ಗಿ, ಮೆಂತಿ ಕೂರುತ್ತೆ ಗವಂತಿ ಕೂರಲ್ಲ ಅನ್ನೋದು ನನಗೆ ಇದುವರೆಗೆ ಯಾರೂ ಹೇಳಿರ್ಲಿಲ್ಲ. ಒಂದು ಫೋಟೋ ಹಾಕಿ ಪ್ಲೀಸ್.

ಫ್ಯೋರ್ಡ್_ದಂಡೆ (ಟ್ರಾಂಡ್‌ಹೈಮ್)

ನಾನಿರೋ ಊರಿಗೆ ಹತ್ರಾನೇ ಸೆಲ್ಬು ಇದೆ, ಎಂಟು ಎಸಳಿನ ಹೂವು ಇರೋ ಕಪ್ಪು ಬಿಳುಪಿನ ಕೈಗವಸು ಎಲ್ರೂ ನೋಡಿರ್ತೀರಿ, ಅದರ ತವರು. 1857ರಲ್ಲಿ ಮಾರಿತ್ ಎಮ್‌ಸ್ಟಾಡ್ ಅನ್ನೋಳು ಹದಿಹರೆಯದ ಹುಡುಗಿ ಆಗಿದ್ದಾಗ ಎರಡು ಬಣ್ಣದಲ್ಲಿ ಹೆಣೆದ ಕೈಗವಸು ಹಾಕ್ಕೊಂಡು ಚರ್ಚ್‌ಗೆ ಹೋದ್ಲು, ಅಲ್ಲಿಂದ ಊರೆಲ್ಲ ಹಬ್ಬಿತು ಅಂತ ಇಲ್ಲಿ ಎಲ್ರೂ ಹೇಳ್ತಾರೆ.

ಕಡ್ಡಿ_ದಾರ ಅವರು ಹೇಳಿದ ಕಟ್ಟುಪಾಡಿನ ಮಾತು ಕೈಗವಸಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ಮ್ಯೂಸಿಯಂಗೆ ಹೋದ್ರೆ ಎಲ್ರೂ ಮೇಲ್ಗಡೆ ಹೂವಿನ ಫೋಟೋ ಹೊಡೀತಾರೆ. ನೀವು ಅಂಗೈ ಕಡೆ ನೋಡಿ. ಅಲ್ಲಿ ದೊಡ್ಡ ಹೂವು ಇಲ್ಲ, ಒಂದು ಬಿಟ್ಟು ಒಂದು ಚುಕ್ಕಿ ಥರ ಸಣ್ಣ ಸಣ್ಣ ಚೌಕಳಿ. ಯಾಕೆ ಅಂದ್ರೆ ಅಂಗೈ ಸವೆಯೋ ಜಾಗ, ಅಲ್ಲಿ ಎರಡೂ ದಾರ ಪದೇ ಪದೇ ಅದಲು ಬದಲು ಆದ್ರೆ ಬಟ್ಟೆ ದಪ್ಪ ಗಟ್ಟಿ ಆಗುತ್ತೆ, ಬೆರಳು ಸಿಕ್ಕಾಕ್ಕೊಳ್ಳೋ ಉದ್ದ ದಾರ ಒಳಗೆ ಉಳಿಯಲ್ಲ. ಆಮೇಲೆ ಹೆಬ್ಬೆರಳು ಶುರುವಾಗೋ ಜಾಗ ನೋಡಿ, ಅಂಗೈ ಚೌಕಳಿ ಒಂದು ಸ್ಟಿಚ್ಚೂ ತಪ್ಪದೆ ಹೆಬ್ಬೆರಳ ಮೇಲೂ ಮುಂದುವರಿದಿರುತ್ತೆ, ಕೈ ಮಡಚಿದ್ರೆ ಹೆಬ್ಬೆರಳು ಎಲ್ಲಿದೆ ಅಂತಾನೇ ಕಾಣಲ್ಲ. ನಾನು ಗಾಜಿನ ಪೆಟ್ಟಿಗೆ ಮುಂದೆ ಕೂತು ಪೆನ್ಸಿಲ್‌ನಲ್ಲಿ ಆ ಹೆಬ್ಬೆರಳು ಒಂದನ್ನೇ ಬಿಡಿಸ್ಕೊಂಡೆ. ಆಮೇಲೆ ನಾನು ಹಾಕಿದ ಸ್ವೆಟರ್‌ಗಳಲ್ಲಿ ಜೇಬೆಲ್ಲ ಆ ಒಂದು ಚಿತ್ರದಿಂದ ಬಂದಿದ್ದು, ಮೈಮೇಲಿನ ಡಿಸೈನ್ ಜೇಬಿನ ಮೇಲೂ ಸ್ಟಿಚ್‌ಗೆ ಸ್ಟಿಚ್ ಹೊಂದಿರುತ್ತೆ.

ಹಾಗಾಗಿ ನನ್ನ ಸಲಹೆ, ಫೋಟೋ ಬೇಡ, ಕೈಯಲ್ಲಿ ಬಿಡಿಸಿ. ಬಿಡಿಸೋವಾಗ ಎಣಿಸ್ಲೇಬೇಕು, ಎಣಿಸಿದ್ದು ಮರೆಯಲ್ಲ.

ನಡಿಗೆ_ನೂಲು (ಮಂಗಳೂರು, ಈಗ ಲಿಸ್ಬನ್)

ಫೋಟೋ ಬೇಡ ಅಂತ ಒಂದೇ ಸಮ ಹೇಳ್ಬೇಡಿ ಮಾರಾಯ್ರೆ. ನನಗೆ ಚಿತ್ರ ಬಿಡಿಸ್ಲಿಕ್ಕೆ ಬರುದಿಲ್ಲ, ಫೋಟೋದಿಂದಲೇ ನನ್ನ ಎಲ್ಲ ಕೆಲಸ ಆದದ್ದು. ಫೋಟೋ ಹ್ಯಾಗೆ ಬಳಸ್ತೀರಿ ಅಂತ ಇರುದು.

ಇಲ್ಲಿ ಕಾಲ್ನಡಿಗೆ ದಾರಿಗೆಲ್ಲ ಸಣ್ಣ ಸಣ್ಣ ಕಲ್ಲು ಜೋಡಿಸಿ ಡಿಸೈನ್ ಮಾಡಿದ್ದಾರೆ, ಕಾಲ್ಸಾಡಾ ಅಂತಾರೆ, ಬಿಳಿ ಮತ್ತು ಕಪ್ಪು ಎರಡೇ ಬಣ್ಣ. ಎರಡು ಬಣ್ಣದ ಹೆಣಿಗೆ ಮಾಡುವವರಿಗೆ ಈ ಊರಲ್ಲಿ ತಲೆ ತಗ್ಗಿಸಿ ನಡೆದ್ರೆ ಸಾಕು. ರೊಸ್ಸಿಯೊ ಚೌಕದಲ್ಲಿ ಸಮುದ್ರದ ಅಲೆ ಹಾಗೆ ಅಂಕುಡೊಂಕು ಕಪ್ಪು ಪಟ್ಟೆ ಉಂಟು, ನಿಂತು ನೋಡಿದ್ರೆ ನೆಲವೇ ಅಲ್ಲಾಡಿದ ಹಾಗೆ ಕಾಣ್ತದೆ. ಅದನ್ನು ಸ್ವೆಟರ್‌ಗೆ ತರ್ಬೇಕು ಅಂತ ಹೊರಟಾಗ ಎರಡು ಪಾಠ ಆಯ್ತು. ಒಂದು, ಅಲೆಯ ಏರು ಎಲ್ಲ ಕಡೆ ಒಂದೇ ಇಳಿಜಾರು ಇದ್ರೆ ಅದು ಅಲೆ ಆಗುದಿಲ್ಲ, ಗರಗಸ ಆಗ್ತದೆ. ಸಾಲಿಗೆ ಒಂದು ಸ್ಟಿಚ್ ಸರಿದ್ರೆ ಕಡಿದು, ಎರಡು ಮೂರು ಸರಿದ್ರೆ ಓರೆ, ತುದಿಯಲ್ಲಿ ನಾಲ್ಕೈದು ಸ್ಟಿಚ್ ಸಮತಟ್ಟು ಬೇಕು, ಹಾಗೆ ಬದಲಾಯಿಸ್ತಾ ಹೋದ್ರೆ ಮಾತ್ರ ದುಂಡಗೆ ಬರುದು. ಎರಡು, ಕಪ್ಪು ಪಟ್ಟೆ ಅಗಲ ಆದಷ್ಟು ಬಿಳಿ ದಾರ ಹಿಂದೆ ಉದ್ದಕ್ಕೆ ಹಾಯ್ತದೆ, ಬೆರಳಿಗೆ ಉಂಗುರಕ್ಕೆ ಸಿಕ್ಕಿಕೊಳ್ತದೆ. ಹಿಂದಿನಿಂದ ದಾರ ಸುತ್ತಿ ಹಿಡಿಬಹುದು, ಆದ್ರೆ ಮುಂದೆ ಸ್ವಲ್ಪ ಇಣುಕ್ತದೆ.

ಉತ್ತರ ಸಿಕ್ಕಿದ್ದು ಟೈಲ್ಸ್ ಮ್ಯೂಸಿಯಂನಲ್ಲಿ, 1509ರಲ್ಲಿ ಕಟ್ಟಿಸಿದ ಮಾದ್ರೆ ದೆ ದೇವುಸ್ ಕಾನ್ವೆಂಟ್‌ನಲ್ಲೇ ಇರುದು ಅದು. ಅಲ್ಲಿನ ನೀಲಿ ಅಝುಲೇಝು ಟೈಲ್ಸಲ್ಲಿ ದೊಡ್ಡ ಬಳ್ಳಿಯ ನಡುವೆ ಖಾಲಿ ಜಾಗ ಬಿಡುದೇ ಇಲ್ಲ, ಒಂದು ಚುಕ್ಕಿಯೋ ಒಂದು ಎಲೆಯೋ ಇಟ್ಟಿರ್ತಾರೆ. ನಾನೂ ಕಪ್ಪು ಅಲೆಯ ಹೊಟ್ಟೆಯಲ್ಲಿ ಅಲ್ಲಲ್ಲಿ ಒಂದೊಂದು ಬಿಳಿ ಸ್ಟಿಚ್ ಇಟ್ಟೆ. ದಾರವೂ ಹಿಡಿತು, ನೀರಿನ ಮೇಲೆ ಬೆಳಕು ಬಿದ್ದ ಹಾಗೂ ಕಂಡಿತು.

ಫೋಟೋ ಬಗ್ಗೆ ಇನ್ನೊಂದು. ಬಣ್ಣ ಆರಿಸುವಾಗ ಉಂಡೆಗಳನ್ನು ಒಟ್ಟಿಗೆ ಇಟ್ಟು ಮೊಬೈಲಲ್ಲಿ ಕಪ್ಪು ಬಿಳುಪು ಫೋಟೋ ತೆಗೀರಿ. ಕೆಂಪು ಹಸಿರು ಕಣ್ಣಿಗೆ ಎಷ್ಟು ಬೇರೆ ಕಂಡರೂ ಫೋಟೋದಲ್ಲಿ ಎರಡೂ ಒಂದೇ ಬೂದು ಬಂದ್ರೆ ಆ ಜೋಡಿ ಹೆಣೆದಾಗ ಕಲಸಿಹೋಗ್ತದೆ, ಡಿಸೈನ್ ಕಾಣುದೇ ಇಲ್ಲ. ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲೇ ಮಾಡಿ.

ಫ್ಯೋರ್ಡ್_ದಂಡೆ (ಟ್ರಾಂಡ್‌ಹೈಮ್)

ಒಪ್ಪಿದೆ, ಕಪ್ಪು ಬಿಳುಪು ಫೋಟೋ ವಿಷ್ಯದಲ್ಲಿ ಪೂರ್ತಿ ಒಪ್ಪಿದೆ. ಆದ್ರೆ ಹೆಣೆದ ವಸ್ತುವನ್ನ ನೋಡೋವಾಗ ಪೆನ್ಸಿಲ್ಲೇ ಸರಿ ಅಂತೀನಿ. ನೆಲ, ಗೋಡೆ, ಟೈಲ್ಸ್‌ಗೆ ಫೋಟೋ ಆಗ್ಲಿ.

ಚುಲ್ಲೋ_ಟೋಪಿ

ನಾನು ಗಂಡಸು, ಹೆಣಿಗೆ ಅಂದ್ರೆ ನನಗೆ ಪ್ರಾಣ. ಪೆರುವಿನ ಟಿಟಿಕಾಕಾ ಸರೋವರದ ನಡುವೆ ಟಾಕೀಲೆ ಅಂತ ದ್ವೀಪ ಇದೆ, ಪೂನೊ ಊರಿಂದ ದೋಣೀಲಿ ಹೋಗ್ಬೇಕು. ಸಮುದ್ರಮಟ್ಟದಿಂದ 3,800 ಮೀಟರ್ ಮೇಲೆ, ದಡದಿಂದ ಊರಿಗೆ ಮೆಟ್ಟಿಲು ಹತ್ತೋಕೆ ನಮಗೆ ಉಸಿರು ಸಾಲಲ್ಲ. ಅಲ್ಲಿ ಹೆಣಿಗೆ ಗಂಡಸರ ಕೆಲಸ. ಹುಡುಗರು ಚಿಕ್ಕವರಿದ್ದಾಗಲೇ ಕಲೀತಾರೆ, ಹೆಂಗಸರು ನೂಲ್ತಾರೆ, ನೇಯ್ತಾರೆ. ಗಂಡಸರು ಕಟ್ಟೆ ಮೇಲೆ ಕೂತು ಮಾತಾಡ್ತಾ, ದಾರೀಲಿ ನಡೀತಾ ಸಣ್ಣ ಕಡ್ಡೀಲಿ ಟೋಪಿ ಹೆಣೀತಿರ್ತಾರೆ. ಟಾಕೀಲೆಯ ಜವಳಿ ಕಲೆಯನ್ನ ಯುನೆಸ್ಕೋ 2005ರಲ್ಲಿ ಮಾನವ ಪರಂಪರೆ ಅಂತ ಘೋಷಿಸಿತು. ನಾನು ಅಲ್ಲಿ ನಿಂತಾಗ ಎದೆ ಎಷ್ಟು ಹಗುರ ಆಯ್ತು ಅಂತ ಹೇಳೋಕಾಗಲ್ಲ, ನಮ್ಮ ಕಡೆ ಗಂಡಸು ಕಡ್ಡಿ ಹಿಡಿದ್ರೆ ಜನ ನೋಡೋ ನೋಟ ನಿಮಗೆಲ್ಲ ಗೊತ್ತಲ್ಲ.

ಅವರ ಟೋಪಿ ನೋಡಿದ್ರೆ ಮದುವೆ ಆಗಿದ್ಯಾ ಇಲ್ವಾ ಗೊತ್ತಾಗುತ್ತೆ, ಆಗದವರ ಟೋಪಿಯ ಮೇಲ್ಭಾಗ ಬಿಳಿ. ಅದು ಅವರ ಊರಿನ ಗುರುತು, ಅದನ್ನ ಹಾಗೇ ಹೆಣೆದು ನಾನು ತಲೆ ಮೇಲೆ ಇಟ್ಕೊಳ್ಳೋದು ಸರಿ ಅನ್ನಿಸ್ಲಿಲ್ಲ. ನಾನು ತಂದಿದ್ದು ಕೈಚಳಕ. ದಾರವನ್ನ ಕುತ್ತಿಗೆ ಹಿಂದಿಂದ ಸುತ್ತಿ ತರ್ತಾರೆ, ಅಲ್ಲಿಂದ ಬಿಗಿ ಸಿಗುತ್ತೆ, ಪರ್ಲ್ ಕಡೆ ತಮ್ಮ ಕಡೆಗಿಟ್ಕೊಂಡು ಹೆಬ್ಬೆರಳಿಂದ ದಾರ ತಳ್ಳಿದ್ರೆ ಸಾಕು. ಹಿಂದೆ ಹಾಯೋ ದಾರಗಳೆಲ್ಲ ಕಣ್ಣೆದುರಿಗೇ ಇರುತ್ತೆ, ಯಾವುದು ಬಿಗಿ ಯಾವುದು ಸಡಿಲ ಅಂತ ಆಗಿಂದಾಗ್ಲೇ ಕಾಣುತ್ತೆ. ಅದನ್ನ ರೂಢಿ ಮಾಡ್ಕೊಂಡ ಮೇಲೆ ನನ್ನ ಬಣ್ಣದ ಹೆಣಿಗೆ ಎಲ್ಲೂ ಸುಕ್ಕು ಬರ್ತಿಲ್ಲ.

@ನಡಿಗೆ_ನೂಲು ನೀವಿರೋ ಪೋರ್ಚುಗಲ್‌ನಲ್ಲೂ ಇದೇ ಥರ ಕುತ್ತಿಗೆಗೆ ಹಾಕ್ಕೊಂಡು, ಇಲ್ಲಾಂದ್ರೆ ಎದೆ ಮೇಲೆ ಪಿನ್ ಕೊಕ್ಕೆಗೆ ಸಿಗಿಸಿ ಹೆಣೀತಾರಲ್ವಾ? ಯಾರಾದ್ರೂ ಅಜ್ಜಿ ಸಿಕ್ಕಿದ್ರೆ ಕೂತು ಕಲೀರಿ.

ನಡಿಗೆ_ನೂಲು (ಮಂಗಳೂರು, ಈಗ ಲಿಸ್ಬನ್)

ಹೌದು, ಪಿನ್ ಹಾಕಿಯೇ ಹೆಣಿತಾರೆ. ನಾನು ಕಲ್ತದ್ದು ಅದೇ, ಕುತ್ತಿಗೆಗೆ ದಾರ ಉಜ್ಜುದಿಲ್ಲ.

ತುಂತುರು_ಐಲೆಂಡ್ (ಡಬ್ಲಿನ್)

ಐರ್ಲೆಂಡಿನ ಅರಾನ್ ದ್ವೀಪಗಳ ಸ್ವೆಟರ್ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀತಿದೀನಿ. ಇನಿಶ್ ಮೋರ್ ದ್ವೀಪಕ್ಕೋ ಗಾಲ್ವೇಗೋ ಬಂದ್ರೆ ಅಂಗಡೀಲಿ ಪ್ರತಿ ಮನೆತನಕ್ಕೂ ಒಂದೊಂದು ಕೇಬಲ್ (ಹಗ್ಗ ಹೊಸೆದ ಥರ ಎದ್ದು ಕಾಣೋ ಹೆಣಿಗೆ) ಪ್ಯಾಟರ್ನ್, ಜೇನುಗೂಡು ಅಂದ್ರೆ ಶ್ರಮ, ಹಗ್ಗ ಅಂದ್ರೆ ಮೀನುಗಾರ ಅಂತೆಲ್ಲ ಕಾರ್ಡ್ ಇಟ್ಟಿರ್ತಾರೆ. ಅವು ಮಾರಾಟಕ್ಕೆ ಆಮೇಲೆ ಸೇರಿಸಿದ ಕಥೆಗಳು. ಆ ಸ್ವೆಟರ್ ನಾವು ಅಂದ್ಕೊಂಡಷ್ಟು ಹಳೇದೂ ಅಲ್ಲ, ಇಪ್ಪತ್ತನೇ ಶತಮಾನದ ಶುರುವಿನಲ್ಲಿ ರೂಪ ಪಡ್ಕೊಂಡಿದ್ದು. ಕಥೆ ಬಿಟ್ಟು ಕೆಲಸ ನೋಡಿದ್ರೆ ಸಿಗೋದು ತುಂಬ ದೊಡ್ಡದು. ಮೇಯೋ ಕೌಂಟಿ ಟರ್ಲೋದಲ್ಲಿರೋ ನ್ಯಾಷನಲ್ ಮ್ಯೂಸಿಯಂನ ಕಂಟ್ರಿ ಲೈಫ್ ವಿಭಾಗದವರ ಹತ್ರ ಹಳೇ ಅರಾನ್ ಸ್ವೆಟರ್‌ಗಳ ಸಂಗ್ರಹ ಇದೆ. ಯಾವ ಹೆಂಗಸು ಯಾವ ಕೇಬಲ್ ಪಕ್ಕ ಯಾವುದನ್ನ ಇಟ್ಟಿದಾಳೆ ಅಂತ ನೋಡ್ತಾ ಹೋದ್ರೆ ಅವಳ ಮನಸ್ಸೇ ಓದಿದ ಹಾಗಾಗುತ್ತೆ. ಒಂದು ಸಣ್ಣ ವಿಷ್ಯ ಗಮನಿಸಿ, ಚೆನ್ನಾಗಿ ಮಾಡಿರೋದ್ರಲ್ಲಿ ಕೆಳಗಿನ ರಿಬ್ ಪಟ್ಟಿಯ ಗೆರೆಗಳೇ ಮೇಲೆ ಹೋಗಿ ಕೇಬಲ್ ಆಗಿರುತ್ವೆ, ಎಲ್ಲೂ ಕತ್ತರಿಸಿದ ಹಾಗೆ ಶುರುವಾಗಲ್ಲ.

ಜಿಟಿಜಿಟಿ_ಮಳೆ (ಸಾಗರ)

ಎಲ್ಲ ಓದೋಕೆ ಹಬ್ಬ. ಆದ್ರೆ ನಮ್ಮ ಹವೆಗೆ? ಎರಡೆಳೆ ಉಣ್ಣೆ ಸ್ವೆಟರ್ ಹಾಕ್ಕೊಂಡು ಬೆಂಗಳೂರಲ್ಲಿ ಓಡಾಡೋಕಾಗಲ್ಲ, ಮಲೆನಾಡಲ್ಲಿ ಮಳೆಗಾಲಕ್ಕೆ ಹಾಕ್ಬಹುದು ಆದ್ರೆ ಒಣಗಲ್ಲ. ಕಾಟನ್‌ನಲ್ಲಿ ಇದೆಲ್ಲ ಆಗುತ್ತಾ?

ಕಡ್ಡಿ_ದಾರ

ಒಳ್ಳೇ ಪ್ರಶ್ನೆ. ಕಾಟನ್‌ಗೆ ಎಳೆತ ಇಲ್ಲ, ಹಿಂದಿನ ದಾರ ಒಂಚೂರು ಬಿಗಿಯಾದ್ರೂ ಮುಂದೆ ಸುಕ್ಕು ಬರುತ್ತೆ, ತೂಕಾನೂ ಜಾಸ್ತಿ. ಕತ್ತರಿಸಿ ಕಾರ್ಡಿಗನ್ ಮಾಡೋದಂತೂ ಕಾಟನ್‌ನಲ್ಲಿ ಬೇಡ. ಶೆಟ್ಲ್ಯಾಂಡ್ ಉಣ್ಣೆ ಒಂದಕ್ಕೊಂದು ಅಂಟ್ಕೊಂಡಿರುತ್ತೆ ಅದಕ್ಕೇ ಕತ್ತರಿಸಿದ್ರೂ ಸ್ಟಿಚ್ ಓಡಲ್ಲ, ಸೂಪರ್‌ವಾಶ್ (ಮಷೀನ್‌ನಲ್ಲಿ ಒಗೆಯೋ ಹಾಗೆ ಮಾಡಿದ) ಮೆರಿನೋ ಉಣ್ಣೆನೂ ಕಾಟನ್ನೂ ಜಾರುತ್ತೆ. ಕಾಟನ್‌ಗೆ ಮೊಸಾಯಿಕ್ ಹೆಣಿಗೆ ಒಳ್ಳೇದು, ಎರಡೆರಡು ಸಾಲಿಗೆ ಒಂದೇ ಬಣ್ಣ, ಇನ್ನೊಂದು ಬಣ್ಣದ ಸ್ಟಿಚ್‌ನ ಹೆಣೆಯದೆ ಹಾಗೇ ದಾಟಿಸ್ತೀವಿ, ಹಿಂದೆ ಉದ್ದ ದಾರಾನೇ ಬರಲ್ಲ. ಮೂಲೆ ಮೂಲೆಯಾದ ಡಿಸೈನ್ ಚೆನ್ನಾಗಿ ಕೂರುತ್ತೆ. ಅಲೆ, ಬಳ್ಳಿ ಕಷ್ಟ.

ಜೇಡರ_ಬಲೆ

ನಮ್ಮ ಹವೆಗೆ ಲೇಸ್ ಇದೆಯಲ್ಲಾ! ಎಸ್ಟೋನಿಯಾದ ಹಾಪ್ಸಾಲು ಊರಿಗೆ ಹೋಗಿದ್ದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿಗೆ ಮಣ್ಣಿನ ಚಿಕಿತ್ಸೆಗೆ ಅಂತ ದೊಡ್ಡ ದೊಡ್ಡವರು ಬರ್ತಿದ್ರು, ಅವರಿಗೆ ಊರಿನ ಹೆಂಗಸರು ಶಾಲು ಹೆಣೆದು ಮಾರ್ತಿದ್ರು. ಆ ಶಾಲಿನ ಗುರುತು ನುಪ್ಪು, ಒಂದು ಸ್ಟಿಚ್‌ನೊಳಗೇ ನಿಟ್, ದಾರ ಸುತ್ತು, ನಿಟ್, ದಾರ ಸುತ್ತು ಅಂತ ಏಳು ಮಾಡಿ, ಮುಂದಿನ ಸಾಲಲ್ಲಿ ಏಳನ್ನೂ ಒಟ್ಟಿಗೆ ಪರ್ಲ್ ಮಾಡಿದ್ರೆ ಒಂದು ಪುಟ್ಟ ಮೊಗ್ಗು ಎದ್ದು ನಿಲ್ಲುತ್ತೆ. ಏಳನ್ನೂ ತುಂಬ ಸಡಿಲ ಹಾಕ್ಬೇಕು, ಕಡ್ಡಿ ತುದಿ ಚೂಪಿರ್ಬೇಕು, ಇಲ್ಲಾಂದ್ರೆ ಮುಂದಿನ ಸಾಲಲ್ಲಿ ಕಡ್ಡಿ ಒಳಗೆ ಹೋಗೋದೇ ಇಲ್ಲ. ಕಣಿವೆ ಲಿಲ್ಲಿ ಹೂವಿನ ಗೊಂಚಲು ಅದರಿಂದ್ಲೇ ಬರೋದು. ಸುತ್ತ ಅಂಚನ್ನ ಬೇರೆ ಹೆಣೆದು ಆಮೇಲೆ ಹೊಲೀತಾರೆ.

ನನಗೆ ಐಡಿಯಾ ಸಿಕ್ಕಿದ್ದು ಮಾತ್ರ ಶಾಲಿಂದ ಅಲ್ಲ, ರೈಲ್ವೆ ಸ್ಟೇಷನ್‌ನಿಂದ. 1907ರದ್ದು, 200 ಮೀಟರ್‌ಗಿಂತ ಉದ್ದದ ಮರದ ಸೂರಿನ ಪ್ಲಾಟ್‌ಫಾರ್ಮ್, ಅದರ ಮರದ ಕೆತ್ತನೆಯೇ ಲೇಸ್ ಥರ ಇದೆ. ಕಂಬದಿಂದ ಕಂಬಕ್ಕೆ ಒಂದೇ ಆಕಾರ ಮರುಕಳಿಸುತ್ತಾ ಹೋಗೋದನ್ನ ನೋಡಿ, ಹತ್ತಿ ದಾರದ ದುಪಟ್ಟಾಗೆ ಅಂಚು ಹಾಕಿದೆ, ತೂತುಗಳ ಕಮಾನು, ನಡುವೆ ಒಂದೊಂದು ನುಪ್ಪು. ಕಾಟನ್‌ನಲ್ಲಿ ಏಳರ ಬದಲು ಐದರ ನುಪ್ಪು ಸಾಕು, ಭಾರ ಆಗಲ್ಲ. ಬೇಸಿಗೇಲೂ ಹೊದ್ಕೊಳ್ಳಬಹುದು.

@ಉಲ್ಲನ್_ಉಂಡೆ ಶೆಟ್ಲ್ಯಾಂಡ್‌ನಲ್ಲೂ ಉತ್ತರದ ತುದೀಲಿ ಅನ್ಸ್ಟ್ ದ್ವೀಪಕ್ಕೆ ಟೈಮ್ ಮಾಡ್ಕೊಂಡು ಹೋಗಿ, ಮದುವೆ ಉಂಗುರದೊಳಗೆ ತೂರಿ ಬರೋಷ್ಟು ನವಿರಾದ ಶಾಲು ಹೆಣೀತಿದ್ದ ಜಾಗ ಅದು. ಅಲ್ಲಿನ ಹೆರಿಟೇಜ್ ಸೆಂಟರ್‌ನಲ್ಲಿ ನೋಡೋಕೆ ಸಿಗುತ್ತೆ.

ಧಾರವಾಡದಕ್ಕ

ಚುಲ್ಲೋ ಟೋಪಿ ತಮ್ಮಾರು ಹೇಳಿದ್ದು ನನಗ ಭಾಳ ಹಿಡಿಸ್ತು. ನಮ್ಮ ಕಸೂತಿ ಹೆಸರಿಲೆ ಮಷೀನ್ ಪ್ರಿಂಟ್ ಮಾರೂದು ನೋಡಿ ನಮಗ ಹೊಟ್ಟಿ ಉರಿಯೂದಿಲ್ಲೇನು? ಹಂಗಂತ ನೋಡಿ ಕಲೀಬಾರ್ದು ಅಂತಲ್ಲರಿ. ಎಂಟೆಸಳಿನ ಹೂವು ನಾರ್ವೆದಾಗೂ ಐತಿ, ಲಾಟ್ವಿಯಾದಾಗೂ ಐತಿ, ಮನಿ ಎಣಿಸಿ ಓರೆ ಗೆರಿ ಹಾಕವ್ರಿಗೆ ಅದು ತಾನ ಹುಟ್ಟತೈತಿ. ಎಲ್ಲಿ ಕಲತ್ರೀ, ಯಾರ ಕಡೆ ನೋಡಿದ್ರಿ ಅಂತ ಹೆಸರ ಹೇಳೂದು, ಮಾರಾಟ ಮಾಡೂದಿದ್ರ ಅವರ ಹೆಸರ ಮ್ಯಾಲೆ ಮಾರಬಾರ್ದು. ಅಷ್ಟರಿ.

ಫ್ಯೋರ್ಡ್_ದಂಡೆ (ಟ್ರಾಂಡ್‌ಹೈಮ್)

ಅಕ್ಕ ಹೇಳಿದ್ದು ಸರಿ. ಐಸ್‌ಲ್ಯಾಂಡ್‌ನಲ್ಲಿ ಅಲ್ಲಿನ ಉಣ್ಣೆ ಸ್ವೆಟರ್‌ನ ಲೋಪಪೇಸಾ ಅನ್ನೋ ಹೆಸರಿಗೇ ರಕ್ಷಣೆ ಇದೆ, ಐಸ್‌ಲ್ಯಾಂಡಿನ ಕುರಿ ಉಣ್ಣೇಲಿ ಆ ದೇಶದಲ್ಲೇ ಕೈಯಲ್ಲಿ ಹೆಣೆದಿದ್ರೆ ಮಾತ್ರ ಐಸ್‌ಲ್ಯಾಂಡಿನ ಲೋಪಪೇಸಾ ಅಂತ ಮಾರ್ಬಹುದು. ಮನೆಗೆ ನಾವು ಹೆಣ್ಕೊಳ್ಳೋದಕ್ಕೆ ಯಾವ ಅಡ್ಡಿನೂ ಇಲ್ಲ.

ಉಲ್ಲನ್_ಉಂಡೆ (ಮೈಸೂರು)

ಎಲ್ರಿಗೂ ಕೈಮುಗಿದೆ. ಒಂದೊಂದನ್ನೂ ನೋಟ್‌ಬುಕ್‌ನಲ್ಲಿ ಬರ್ಕೊಂಡಿದೀನಿ. ನನ್ನ ಯೋಚನೆ ಈಗ ಹೀಗಿದೆ, ಕಾರ್ಡಿಗನ್ ಮೈಯೆಲ್ಲ ಒಂದೇ ಬಣ್ಣ, ಕುರಿಯ ಸಹಜ ಕಂದು ಸಿಗುತ್ತಂತಲ್ಲ ಮೂರಿಟ್, ಅದು. ಭುಜದ ಸುತ್ತ ಒಂದು ಪಟ್ಟಿಗೆ ಮಾತ್ರ ಆ ಕಲ್ಲುಗೋಡೆಯ ಐದು ಬಣ್ಣ. ಮುಂಗೈಗೆ ಅಕ್ಕ ಹೇಳಿದ ನೇಯ್ಗಿ ಅಂಚು.

ಉಳಿದಿದ್ದು ಎರಡು ಪ್ರಶ್ನೆ. ಕಡ್ಡಿ ವಿಮಾನದೊಳಗೆ ಬಿಡ್ತಾರಾ? ಉಣ್ಣೆ ತರೋಕೆ ಕಸ್ಟಮ್ಸ್ ತೊಂದ್ರೆ ಇದ್ಯಾ?

ಕಡ್ಡಿ_ದಾರ

ಡಿಸೈನ್ ಚೆನ್ನಾಗಿದೆ ಮೇಡಂ, ಭುಜದ ಪಟ್ಟಿಗೆ ಮಾತ್ರ ಬಣ್ಣ ಅಂದ್ರೆ ನಮ್ಮ ಹವೆಗೂ ಹಗುರ.

ಬ್ರಿಟನ್ ಏರ್‌ಪೋರ್ಟ್‌ಗಳಲ್ಲಿ ಕೈಚೀಲದಲ್ಲಿ ಕಡ್ಡಿ ಬಿಡ್ತಾರೆ. ಬೆಂಗಳೂರಿಂದ ಹೊರಡೋವಾಗ ನಿಮ್ಮ ಏರ್‌ಲೈನ್ ಹತ್ರ ಮೊದಲೇ ಕೇಳಿ, ಅನುಮಾನ ಇದ್ರೆ ಕಡ್ಡೀನ ಚೆಕ್ ಇನ್ ಬ್ಯಾಗ್‌ಗೆ ಹಾಕಿ. ಕೈಯಲ್ಲೇ ಒಯ್ಯೋದಾದ್ರೆ ಬಿದಿರಿನ ಗಿಡ್ಡ ಸರ್ಕ್ಯುಲರ್ (ಎರಡು ಕಡ್ಡಿ ನಡುವೆ ತಂತಿ ಇರೋದು) ಒಳ್ಳೇದು, ಅರ್ಧ ಆಗಿರೋ ಕೆಲಸ ಇದ್ರೆ ಎಲ್ಲ ಸ್ಟಿಚ್‌ಗಳ ಒಳಗೂ ಒಂದು ಕಾಟನ್ ದಾರ ಹಾಯ್ಸಿ ಇಟ್ಕೊಳ್ಳಿ, ಕಡ್ಡಿ ಕಿತ್ಕೊಂಡ್ರೂ ಕೆಲಸ ಬಿಚ್ಚಿಹೋಗಲ್ಲ. ಕತ್ತರಿ ಒಯ್ಯೋ ಬದಲು ಉಗುರು ಕಟ್ಟರ್ ಸಾಕು.

ಉಣ್ಣೆ ಉಂಡೆ ನೂಲಾಗಿರೋದು, ನೀವು ಸ್ವಂತಕ್ಕೆ ತರೋಷ್ಟಕ್ಕೆ ಚಿಂತೆ ಇಲ್ಲ. ಅಲ್ಲಿ ತೋಟದವರು ಯಾರಾದ್ರೂ ಕುರಿ ಮೈಯಿಂದ ಕತ್ತರಿಸಿದ ತೊಳೆಯದ ಉಣ್ಣೆ ಪ್ರೀತಿಯಿಂದ ಕೊಟ್ರೆ ಅದನ್ನ ಮಗಳ ಮನೇಲೇ ಬಿಟ್ಬನ್ನಿ, ಪ್ರಾಣಿ ಮೂಲದ ಕಚ್ಚಾ ವಸ್ತುಗೆ ಕ್ವಾರಂಟೀನ್ ನಿಯಮ ಇದೆ. ಉಂಡೆ ತಗೊಳ್ಳೋವಾಗ ಒಂದೇ ಬಣ್ಣದ್ದಕ್ಕೆಲ್ಲ ಲೇಬಲ್‌ನಲ್ಲಿ ಡೈ ಲಾಟ್ ನಂಬರ್ (ಒಂದೇ ಸಲ ತಯಾರಾದ ಗುಂಪಿನ ನಂಬರ್) ಒಂದೇ ಇದ್ಯಾ ನೋಡಿ, ಮೂರಿಟ್ ಮೈಗೆ ಜಾಸ್ತಿ ಉಂಡೆ ಬೇಕಲ್ಲ, ಎರಡು ಹೆಚ್ಚಿಗೇ ತಗೊಳ್ಳಿ, ಆಮೇಲೆ ಮೈಸೂರಲ್ಲಿ ಕೂತು ಅದೇ ಲಾಟ್ ಹುಡ್ಕೋಕಾಗಲ್ಲ.

ಅಬರ್ಡೀನ್‌ನಿಂದ ಹಡಗಲ್ಲಿ ಹೋಗ್ತೀರಾ ವಿಮಾನದಲ್ಲಾ? ಹಡಗಾದ್ರೆ ರಾತ್ರಿಯಿಡೀ ಪ್ರಯಾಣ, ಆ ಸಮುದ್ರ ತೂಗುತ್ತೆ, ಒಣಶುಂಠಿ ಇಟ್ಕೊಳ್ಳಿ.

ಉಲ್ಲನ್_ಉಂಡೆ (ಮೈಸೂರು)

ಹಡಗು. ಮಗಳು ಕ್ಯಾಬಿನ್ ಮಾಡಿಸಿದಾಳೆ. ಶುಂಠಿ ಲಿಸ್ಟ್‌ಗೆ ಸೇರಿಸ್ಕೊಂಡೆ, ಗೆರೆ ಹಾಳೆ ಪ್ರಿಂಟ್ ಹಾಕಿಸೋಕೆ ಈಗ ಹೊರಟೆ.